ಕೊಡೆ ಹಿಡಿದ ಕೈ

ಬಗ್ಗಿ ಉಳ್ಳಾಗಡ್ಡಿ ಕೀಳುವಾಗ ಆಕೆಯ ಕಿವಿಯ ಬೆಂಡವಾಲಿಗಳು ಕೆನ್ನೆಗೆ ಬಡಿಯುತ್ತಿದ್ದವು. ಮಣ್ಣಾದ ಕೈಯಿಂದ ಮುಟ್ಟದೆ, ಭುಜದಿಂದಲೇ ಅವನ್ನು ಹಿಂದಕ್ಕೆ ಸರಿಸುತ್ತಿದ್ದಳು. ತವರಿನಿಂದ ಬಂದ ಚಿನ್ನ ಅದೊಂದೇ.

ಮೊಮ್ಮಕ್ಕಳೇ, ನಿಮ್ಮಜ್ಜ ಭೋಸರಿಯ ಕಾರ್ಖಾನೆಯಲ್ಲಿ ದುಡಿದು ರಾಂಜಣಗಾಂವದ ಆಚೆ ಕೊಂಡ ಹೊಲವನ್ನು ಪಾಲಿಗೆ ಮಾಡುತ್ತಿದ್ದವಳು ಆಕೆ. ಸೊಲ್ಲಾಪುರದ ಕಡೆಯವಳು; ನನ್ನೊಡನೆ ಕನ್ನಡವೇ. ಬೀಜ, ಗೊಬ್ಬರ, ದುಡಿಮೆ ಎಲ್ಲ ಆಕೆಯದು, ಬೆಳೆಯಲ್ಲಿ ಅರ್ಧ ನಮಗೆ. ಕರಾರಿನ ಕಾಗದವಿರಲಿಲ್ಲ. ಅಜ್ಜ ತೀರಿಕೊಂಡ ಮೇಲೆ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನನ್ನ ಹೆಸರು ಬಂತು. ನಾನು ಹಡಪಸರದ ಮನೆ ಬಿಟ್ಟು ಹೊಲಕ್ಕೆ ಹೋದದ್ದೇ ಅಪರೂಪ. ವರ್ಷಕ್ಕೊಮ್ಮೆ ಹೋದರೆ, "ಅಕ್ಕಾರ, ಹೊಲ ನಿಮ್ಮ ಮಾರಿ ಮರತದ ನೋಡ್ರಿ" ಎಂದು ನಗುತ್ತಿದ್ದಳು.

ಆ ವರ್ಷ ಕಿತ್ತು ಹರವಿದ ಉಳ್ಳಾಗಡ್ಡಿಯ ಮೇಲೆ ಮೂರು ದಿನ ಅಕಾಲದ ಮಳೆ ಸುರಿದು ಎಲ್ಲ ಕೊಳೆಯಿತು. ಸರಕಾರ ಪರಿಹಾರ ಕೊಡುವುದಾಗಿ ಹೇಳಿತು. ಹಾನಿ ನೋಡಲು ಊರ ಲೆಕ್ಕಿಗ ತಲಾಠಿ ಬರುವ ದಿನ ಉತಾರದಲ್ಲಿ ಹೆಸರಿದ್ದವರು ಹೊಲದಲ್ಲಿ ನಿಲ್ಲಬೇಕಿತ್ತು. ಹೊರಡುವಾಗ ನಿಮ್ಮಪ್ಪ ಎಚ್ಚರಿಸಿದ: "ಅವ್ವಾ, ಪಾಲಿಗೆ ಕೊಟ್ಟೇವಂತ ಬಾಯಿ ಬಿಡಬ್ಯಾಡ. ನಾಳೆ ಹೊಲಾನ ತನ್ನದು ಅಂದಾಳು."

ತಲಾಠಿ ಮರಾಠಿಯಲ್ಲಿ ಕೇಳಿದರು, ಹೊಲ ಮಾಡುವವರು ಯಾರು ಎಂದು. ನಾನು ಆಕೆಯ ಮುಖ ನೋಡಿದೆ. ಆಕೆ ನನ್ನ ಮುಖ ನೋಡಿದಳು. ಏನು ಕಂಡಿತೋ, ತಾನೇ ಮರಾಠಿಯಲ್ಲಿ ಹೇಳಿಬಿಟ್ಟಳು: ಈ ಅಕ್ಕನವರೇ ಮಾಡುತ್ತಾರೆ, ನಾನು ಕೂಲಿಯವಳು.

ಹಾನಿಯ ದಾಖಲೆಗೆಂದು ತಲಾಠಿ ನನ್ನ ಫೋನಿನಲ್ಲೂ ತೆಗೆದ ಫೋಟೊಕ್ಕೆ ನಿಂತೆ. ಜಿನುಗು ಮಳೆ. ಆಕೆ ಕೊಳೆತ ಗಡ್ಡೆಗಳನ್ನು ನನ್ನ ಸೆರಗಿಗೆ ಹಾಕಿ ಕನ್ನಡದಲ್ಲಿ ಪಿಸುಗುಟ್ಟಿದಳು: "ಮದಿವಿ ಫೋಟೊಕ್ಕ ನಿಂತಂಗ ನಿಂತೀರಲ್ರಿ! ಸ್ವಲ್ಪ ಮಾರಿ ಸಣ್ಣ ಮಾಡ್ರಿ." ತಲಾಠಿ ಆಕೆಗೆ ಪಕ್ಕಕ್ಕೆ ಸರಿಯಲು ಹೇಳಿದರು. ಸರಿದಳು, ನಾನು ನೆನೆಯಬಾರದೆಂದು ಕೊಡೆಯನ್ನು ಮಾತ್ರ ಕೈಚಾಚಿ ಹಿಡಿದೇ ಇದ್ದಳು.

"ಪರಿಹಾರ ಬಂದದ್ದೆಲ್ಲಾ ನಿಂದ" ಎಂದೆ ಹೊರಡುವಾಗ.

"ಬರಲಿ ತಗೋರಿ ಮೊದಲ" ಎಂದಳು.

ಬಂತು. ನನ್ನ ಖಾತೆಗೇ. ಇದು ಆಕೆಯದು ಎಂದು ಮನೆಯಲ್ಲಿ ಹೇಳಲು ನನಗೆ ನಾಲಿಗೆ ಏಳಲಿಲ್ಲ. ನಿಮ್ಮಪ್ಪನ ತಪ್ಪಲ್ಲ, ಅವನಿಗೆ ನಾನು ಕೊಟ್ಟ ಮಾತು ಗೊತ್ತಿರಲಿಲ್ಲ. ಆ ಹಣದಲ್ಲಿ ಬಟ್ಟೆ ಒಗೆಯುವ ಯಂತ್ರ ಬಂತು. ಅದು ತಿರುಗುವುದನ್ನು ನೋಡುತ್ತ ನೀವಿಬ್ಬರೂ ಚಪ್ಪಾಳೆ ತಟ್ಟಿದ್ದಿರಿ.

ದೀಪಾವಳಿಗೆ ಆಕೆ ಬಂದಾಗ ಒಂದು ಸೀರೆ ಕೊಟ್ಟೆ. ಹಣದ ಮಾತು ಆಕೆ ಎತ್ತಲಿಲ್ಲ. "ಬಣ್ಣ ಭಾಳ ಚಲೋ ಅದರೀ" ಎಂದಳು. ಕಿವಿಯಲ್ಲಿ ಬೆಂಡವಾಲಿ ಇರಲಿಲ್ಲ, ಬೇವಿನ ಕಡ್ಡಿಗಳಿದ್ದವು. ನಾನು ನೋಡಿದ್ದು ತಿಳಿದು, "ತೂತು ಮುಚ್ಚಬಾರದಲ್ರಿ, ಅದಕ್ಕ" ಎಂದು ನಕ್ಕಳು.

ಹೋದ ವರ್ಷ ಜ್ವರದಲ್ಲಿ ಆಕೆ ತೀರಿಕೊಂಡಳು. ನನ್ನ ಪಿಂಚಣಿಯಲ್ಲಿ ಉಳಿಸಿ ಅಷ್ಟೂ ಹಣವನ್ನು ಲಕೋಟೆಯಲ್ಲಿಟ್ಟುಕೊಂಡು ಆಕೆಯ ಮನೆಗೆ ಹೋದೆ. ಆಕೆಯ ಸೊಸೆ ಚಹಾ ಕೊಟ್ಟು ನನ್ನ ಕಾಲು ಮುಟ್ಟಿದಳು.

"ಅವ್ವಾರ, ಆ ವರ್ಷ ಪರಿಹಾರದ ರೊಕ್ಕ ಪೂರಾ ನೀವು ನಮ್ಮತ್ತಿ ಕೈಯಾಗ ಇಟ್ಟಿರಂತ. ಅತ್ತೀನ ಊರತುಂಬ ಹೇಳ್ಯಾರ. ಅದರಾಗ ಬೀಜ ತಂದೆವು, ಮತ್ತ ಎದ್ದು ನಿಂತೆವು."

ಬೇವಿನ ಕಡ್ಡಿಗಳು ಕಣ್ಣಮುಂದೆ ಬಂದವು. ನನ್ನ ಹೆಸರು ಕೆಡಬಾರದೆಂದು ಆಕೆ ಮಾರಿದ್ದು ಏನೆಂದು ಆಗ ತಿಳಿಯಿತು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಚಹಾ ಕುಡಿದೆ. ಲಕೋಟೆಯೊಂದಿಗೆ ಬಸ್ಸು ಹತ್ತಿದೆ.

ಮೊನ್ನೆ ನನ್ನ ಫೋನಿನಲ್ಲಿ ಆ ಫೋಟೊ ಕಂಡು "ಅಜ್ಜಿ ರೈತಳು!" ಎಂದು ನೀವು ನಕ್ಕಿರಿ. ನಾನೂ ನಕ್ಕೆ. ಲಕೋಟೆ ನನ್ನ ಟ್ರಂಕಿನಲ್ಲಿ, ಅಜ್ಜನ ಶಾಲಿನ ಕೆಳಗಿದೆ. ಈ ಕಾಗದ ಓದಿದ ಮೇಲೆ ನನ್ನನ್ನು ಆ ಮನೆಗೆ ಕರೆದುಕೊಂಡು ಹೋಗಿ. ಹೇಳಲು ನನಗೆ ಬಾಯಿ ಬಾರದಿದ್ದರೆ ಆ ಫೋಟೊ ತೋರಿಸಿ, ರೈತಳು ನಡುವೆ ನಿಂತವಳಲ್ಲ, ಅಂಚಿನಲ್ಲಿ ಕೊಡೆ ಹಿಡಿದ ಆ ಕೈಯವಳು ಎಂದು ನೀವೇ ಹೇಳಿ.