ಈಶಾನ್ಯ ತೋರಿಸಿದ ಮುಳ್ಳು

ಪಕ್ಕದ ಸೈಟಿನಲ್ಲಿ ನೀರಿನ ಸಂಪ್‌ಗೆ ಗುಂಡಿ ತೋಡುತ್ತಿದ್ದಾರೆ. ಬೆಳಗ್ಗೆಯಿಂದ ಹಸಿ ಸಿಮೆಂಟಿನ ವಾಸನೆ. ಆ ವಾಸನೆಗೆ ನಿಮಗೆ ಹೊಸ ಮನೆ ನೆನಪಾಗಬಹುದು. ನನಗೆ ನನ್ನ ದಡ್ಡತನ ನೆನಪಾಗುತ್ತದೆ.

ತೊಂಬತ್ತರ ದಶಕದ ಕೊನೆಗೆ ನಾನು ಕಟ್ಟೆಮಳಲವಾಡಿಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಬಾಡಿಗೆ ಮನೆಯ ಯಜಮಾನರು ನಿಂಗಣ್ಣ. ಅವರ ಹಿತ್ತಿಲಿನದು ಮರಳು ಮಣ್ಣು, ಬಾವಿ ತೋಡಿದಷ್ಟೂ ಕುಸಿಯುತ್ತಿತ್ತು. ಕೊನೆಗೆ ಹುಣಸೂರಿನಿಂದ ತಮ್ಮಯ್ಯ ಮೇಸ್ತ್ರಿ ಬಂದರು. ಅವರು ಹಿಂದೆ ಚಿನ್ನದ ಗಣಿಯಲ್ಲಿ, ಆಳಕ್ಕಿಳಿಯುವ ಗುಂಡಿಯ ಸುತ್ತ ಕಾಂಕ್ರೀಟ್ ಗೋಡೆ ಹಾಕುತ್ತಿದ್ದವರು. ನನಗೋ ಕುತೂಹಲದ ಕಾಯಿಲೆ.

"ಗೋಡೆ ತಳದಿಂದ ಕಟ್ಟಿಕೊಂಡು ಬರಬಾರದಾ?" ಎಂದೆ.

"ಅಷ್ಟೊತ್ತಿಗೆ ಮಣ್ಣು ತಲೆ ಮ್ಯಾಲೆ ಬಿದ್ದಿರ್ತದೆ ಕಣವ್ವ. ಗಣೀಲೂ ಅಂಗೇಯ. ಮನ್ಸ ಇಳಿದಂಗೆ ಗೋಡೇನೂ ಇಳೀಬೇಕು."

ನೆಲದ ಮೇಲೆ ಕಾಂಕ್ರೀಟ್ ರಿಂಗು ಇಡುವುದು. ಅದರೊಳಗೆ ಮೇಸ್ತ್ರಿಯ ತಮ್ಮ ಸಿದ್ದ ಕೂತು ಅಡಿಯ ಮಣ್ಣು ತೆಗೆಯುವುದು. ರಿಂಗು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಮೇಲೆ ಇನ್ನೊಂದು. ಮೇಸ್ತ್ರಿ ಮಾತ್ರ ಗಳಿಗೆಗೊಮ್ಮೆ ಗುಂಡು ಕಟ್ಟಿದ ದಾರ ಇಳಿಬಿಟ್ಟು, ರಿಂಗು ನೆಟ್ಟಗೆ ಇಳಿಯುತ್ತಿದೆಯೇ ಎಂದು ನೋಡುತ್ತಿದ್ದರು.

ನಿಂಗಣ್ಣನವರಿಗೆ ಪ್ರತಿ ರಿಂಗಿನ ಮೊದಲ ಬುಟ್ಟಿ, ಅಂದರೆ ಮೊದಲ ಮಂಕರಿ ಮಣ್ಣು ಗಂಗಮ್ಮನ ಮೂಲೆಯಾದ ಈಶಾನ್ಯದಿಂದಲೇ ಬರಬೇಕು. ಈಶಾನ್ಯ ಎಲ್ಲಿ ಎಂದು ಚರ್ಚೆ ಎದ್ದಾಗ ಈ ಜಾಣೆ ಶಾಲೆಯ ದಿಕ್ಸೂಚಿ ತಂದು ಪ್ರತಿ ರಿಂಗಿಗೂ ಚಾಕ್‌ಪೀಸಿನಲ್ಲಿ ಗುರುತು ಹಾಕಿದಳು. ಐದನೇ ರಿಂಗಿನ ದಿನ ಮೇಸ್ತ್ರಿ ಊಟಕ್ಕೆ ಹೋಗಿದ್ದರು. ಗುರುತು ಖಚಿತವಾಗಿದೆಯಲ್ಲ ಎಂಬ ಧೈರ್ಯಕ್ಕೆ ನಿಂಗಣ್ಣನವರು ಒಂದು ಮಂಕರಿಯ ಜಾಗದಲ್ಲಿ ಹತ್ತು ಮಂಕರಿ ಅಲ್ಲಿಂದಲೇ ತೆಗೆಸಿದರು.

ಮೇಸ್ತ್ರಿ ಬಂದು ದಾರ ಬಿಟ್ಟರು. ಅಡಿ ಖಾಲಿಯಾದ ಬದಿ ಕುಸಿದು ಬಾವಿ ಈಶಾನ್ಯಕ್ಕೆ ವಾಲಿತ್ತು. ರಿಂಗುಗಳ ನಡುವೆ ಸಂದಿ ಬಿಟ್ಟು ಮರಳು ಸುರಿಯತೊಡಗಿತ್ತು.

"ಇನ್ನೆಲ್ಡು ಮಂಕ್ರಿ ತಗುದ್ಬುಟ್ಟು ಬರ್ಲಿ ಬುಡಿ," ಎಂದರು ನಿಂಗಣ್ಣ.

"ಮೊದ್ಲು ಮನ್ಸ, ಆಮ್ಯಾಕೆ ಬಾವಿ! ಸಿದ್ದ, ಹಗ್ಗ ಹಿಡ್ಕಳ್ಳಾ!"

ಎಲ್ಲರೂ ಸೇರಿ ಎಳೆದೆವು. ಸಿದ್ದ ಮೇಲೆ ಬಂದು ಕೂರುವಷ್ಟರಲ್ಲಿ ಕೆಳಗೆ ಅವನ ಮಂಕರಿ ಮರಳಲ್ಲಿ ಮುಳುಗಿ ಹೋಯಿತು. ಗುರುತು ಹಾಕಿದ ಕೈ ನನ್ನದೇ ತಾನೆ.

ಮರುದಿನ ಸಂದಿಗೆ ಗೋಣಿ ತುರುಕಿ, ಸೊಂಟಕ್ಕೆ ಹಗ್ಗ ಬಿಗಿದು ಮೇಸ್ತ್ರಿಯೇ ಇಳಿದರು. ಎತ್ತರವಾಗಿದ್ದ ಬದಿಯ ಅಡಿಯಿಂದ ಬೊಗಸೆ ಬೊಗಸೆಯಾಗಿ ಮಣ್ಣು ತೆಗೆದು ರಿಂಗುಗಳನ್ನು ಸಮಕ್ಕೆ ತಂದರು. ಬೈಯುತ್ತಾರೆಂದು ನಾನು ಕಾದಿದ್ದೆ. ಮೇಲೆ ಬಂದವರು ದಿಕ್ಸೂಚಿ ಕೇಳಿ ಪಡೆದು, ತಿರುಗಿಸಿ ತಿರುಗಿಸಿ ನೋಡಿದರು.

"ಚೆಂದಾಗೈತೆ. ಕೆಳುಕ್ಕೆ ಎತ್ತ ಅಂತ ತೋರಿಸ್ತದಾ ಇದು?"

"ಇಲ್ಲ."

"ನನ್ ದಾರ ತೋರಿಸ್ತದೆ ಕಣವ್ವ," ಎಂದು ಕೈ ತೊಳೆಯಲು ಹೋದರು.

ಈಗ ಪಕ್ಕದ ಸೈಟಿನಲ್ಲಿ ಮನೆಯವರು ಮೊಬೈಲಿನ ದಿಕ್ಸೂಚಿ ಹಿಡಿದು ಗುಂಡಿಯ ಸುತ್ತ ತಿರುಗುತ್ತಿದ್ದಾರೆ. "ಈಶಾನ್ಯ ಇದೇ ಅಲ್ವಾ ಮೇಡಂ? ಈ ಮೂಲೆ ಇನ್ನೂ ಸ್ವಲ್ಪ ತೆಗೆಸಲಾ?"

ಮುಳ್ಳು ಯಾವ ಕಡೆಗಿದೆ ಎಂದು ನಾನು ನೋಡಲಿಲ್ಲ. ಕಾಂಪೌಂಡಿನಿಂದ ಬಗ್ಗಿ, "ಒಳಗೆ ಯಾರಪ್ಪ ಇರೋದು?" ಎಂದೆ.

"ನಾನು ಕಣಮ್ಮ," ಎಂದಿತು ಗುಂಡಿಯೊಳಗಿನ ದನಿ.

"ಮೊದಲು ನೀನು ಮೇಲೆ ಬಾ."