ಜೀಪಿಗೆ ತೊಡಿಸಿದ ಹಳಿ

ನಮ್ಮ ಹಿತ್ತಿಲಿನ ಬೇವಿನ ಮರದ ಬುಡಕ್ಕೆ ಒಂದು ಕಬ್ಬಿಣದ ಬಳೆಯಿದೆ. ಹೊಳವನಹಳ್ಳಿಯ ನಮ್ಮ ಮನೆಗೆ ನೀವು ಬಂದು, ಕೈಕಾಲು ತೊಳೆಯಲೆಂದು ಹಿತ್ತಿಲಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಅದೇ. ಮರ ಸಸಿಯಾಗಿದ್ದಾಗ, ಹಾಕಿದ ನೀರು ಹರಿದುಹೋಗದಿರಲಿ ಎಂದು ಪಾತಿಯ ಸುತ್ತ ಇಟ್ಟಿದ್ದು. ಈಗ ಬುಡ ಉಬ್ಬಿ ಬಳೆಯ ಒಳಗಿನ ಜಾಗವೆಲ್ಲ ಭರ್ತಿಯಾಗಿ, ತೊಗಟೆ ಅಂಚನ್ನು ದಾಟಿ ಹೊರಗೆ ಇಣುಕುತ್ತಿದೆ. ಇದನ್ನು ಕೊಯ್ಯಿಸಿ ತೆಗೆಯೋಣ, ಇಲ್ಲದಿದ್ದರೆ ಮರ ಉಳಿಯುವುದಿಲ್ಲ ಎಂದು ಮಗ ಕಳೆದ ಬೇಸಗೆಯಿಂದ ಹೇಳುತ್ತಲೇ ಇದ್ದಾನೆ. ನಾನು ಒಪ್ಪಿಲ್ಲ. ಹಟವೆಂಬುದು ನಮ್ಮ ಮನೆಯಲ್ಲಿ ಅಜ್ಜಿಯಿಂದ ಅಪ್ಪನಿಗೆ, ಅಪ್ಪನಿಂದ ನನಗೆ, ಹಿತ್ತಾಳೆ ಹಂಡೆಗಳ ಜೊತೆಗೇ ಇಳಿದು ಬಂದಿದೆ.

ನೋಡಿದವರೆಲ್ಲ ಅದನ್ನು ಎತ್ತಿನ ಗಾಡಿಯ ಹಳಿ ಅಂದುಕೊಳ್ಳುತ್ತಾರೆ. ಮರದ ಚಕ್ರ ಸವೆಯದಂತೆ ಸುತ್ತಲೂ ಬಿಗಿಯುವ ಆ ಕಬ್ಬಿಣದ ಪಟ್ಟಿಯನ್ನು ಈಗಿನ ಮಕ್ಕಳು ಕಂಡಿರಲಾರರು. ಆದರೆ ಕಂಡ ಹಿರಿಯರೂ ಇಷ್ಟು ಗಿಡ್ಡ ಚಕ್ರದ ಗಾಡಿ ಯಾವುದಪ್ಪ ಎಂದು ಕೇಳುವುದಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಅದು ಜೀಪಿನ ಹಳಿ. ಜೀಪಿನ ರಬ್ಬರು ಟಯರಿಗೆ ಕಬ್ಬಿಣದ ಹಳಿ ತೊಡಿಸಿದ ಮಹಾನುಭಾವರು ಲೋಕದಲ್ಲಿ ಬೇರೆ ಯಾರಾದರೂ ಇದ್ದರೋ ಕಾಣೆ, ನಮ್ಮಪ್ಪ ರಂಗಪ್ಪನವರಂತೂ ಇದ್ದರು.

ಆಗಿನ್ನೂ ನಮ್ಮದು ಮೈಸೂರು ಮಹಾರಾಜರ ಸೀಮೆ. ದೊಡ್ಡ ಯುದ್ಧ ಮುಗಿದಿತ್ತು, ಸ್ವಾತಂತ್ರ್ಯ ಇನ್ನೂ ದಾರಿಯಲ್ಲಿತ್ತು, ಪೆಟ್ರೋಲಿಗೆ ಕೂಪನ್ ಬೇಕಿತ್ತು. ಮಿಲಿಟರಿಯವರು ತಮಗೆ ಬೇಡವಾದ ಜೀಪುಗಳನ್ನು ಬೆಂಗಳೂರಿನಲ್ಲಿ ಹರಾಜು ಹಾಕಿದಾಗ ಅಪ್ಪ ಒಂದನ್ನು ಹಿಡಿದು ತಂದರು. ಅವರ ಸ್ನೇಹಿತ, ಸಿರಾದ ಬಾಷಾ ಸಾಹೇಬರು ಇನ್ನೊಂದನ್ನು ತಂದರು. ಸಾಹೇಬರದು ಉಣ್ಣೆ ಮತ್ತು ಕಂಬಳಿಯ ವ್ಯಾಪಾರ. ಕುರಿ ಸಾಕುವವರ ಹಟ್ಟಿಗಳಿಗೆ ಗಾಡಿದಾರಿಯೂ ಇರಲಿಲ್ಲವಾದ್ದರಿಂದ, ನಾಲ್ಕು ಚಕ್ರವೂ ಒಟ್ಟಿಗೆ ಎಳೆಯುವ ಈ ಪುಟ್ಟ ಗಾಡಿ ಅವರಿಗೆ ಬೇಕೇ ಬೇಕಿತ್ತು. ಅಪ್ಪನಿಗೆ ಬೇಕಿದ್ದ ಕಾರಣ ಬೇರೆ. ಅದು ನಡುಮನೆಯ ಗೋಡೆಗೆ ಒರಗಿ ಕಾಲು ನೀಡಿ ಕುಳಿತಿರುತ್ತಿತ್ತು, ಎಲೆಯಡಿಕೆ ಕುಟ್ಟುತ್ತಿತ್ತು.

ಅಜ್ಜಿಯ ತವರು ಪಾವಗಡದಾಚೆಯ ರಾಯಚರ್ಲು. ಅಲ್ಲಿಂದ ಬರುವಾಗ ಗಾಡಿ ಮಗುಚಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅವಳು ಊರು ಬಿಟ್ಟು ಹೊರಟಿರಲಿಲ್ಲ. ಗಾಡಿಯ ಒಂದು ಕುಲುಕಿಗೆ ಪ್ರಾಣ ಹೋದಂತಾಗುತ್ತಿತ್ತು. ಪ್ರತಿ ಸುಗ್ಗಿಯ ನಂತರ ತವರಿನಿಂದ ಅವಳ ತಮ್ಮ ಹನುಮಪ್ಪ ಮಡಿಲಕ್ಕಿಯನ್ನು ಒಂದು ಚೀಲದಲ್ಲಿ ಕಟ್ಟಿ, ಬರುವವರ ಕೈಯಲ್ಲಿ ಕಳಿಸುತ್ತಿದ್ದ. ಚೀಲ ಬಂದ ದಿನ ಅಜ್ಜಿ ಸಂತೋಷಪಡಬೇಕೆಂದು ನಾವೆಲ್ಲ ಕಾಯುತ್ತಿದ್ದೆವು. ಅವಳು ಮುಖ ಊದಿಸಿಕೊಂಡು ಕೂರುತ್ತಿದ್ದಳು. ಮಡಿಲು ತುಂಬಿಸಿಕೊಂಡ ಹೆಣ್ಣುಮಗಳು ಅದರಲ್ಲಿ ಒಂದು ಹಿಡಿ ಅಕ್ಕಿಯನ್ನು ತಿರುಗಿ ತವರಿನ ಹೊಸ್ತಿಲೊಳಗೆ ಹಾಕಿ ಬರಬೇಕೆಂಬುದು ನಮ್ಮ ಕಡೆಯ ಪದ್ಧತಿ. ಕೊಟ್ಟ ಮನೆ ಬರಿದಾಗದಿರಲಿ ಎಂದು ಮಗಳು ಹಾರೈಸುವುದು ಆ ಹಿಡಿಯಲ್ಲೇ.

“ಚೀಲ್ದಾಗೆ ಬಂದಿದ್ದು ಬರೀ ಅಕ್ಕಿ ಕಣ್ಲಾ ರಂಗ,” ಎಂದಳು ಆ ವರ್ಷ. “ಅಲ್ಲಿ ನನ್ನ ಹಿಡಿ ಯಾರು ಹಾಕ್ತಾರೆ? ತಕ್ಕಂಡೇ ಇವ್ನಿ, ಆ ಮನೆಗೆ ಒಂದು ಕಾಳು ತಿರುಗ್ಸಿಲ್ಲ.”

ಅಪ್ಪ ಜೀಪು ತಂದದ್ದು ಈ ಮಾತಿಗೆ. ಅದೇ ವರ್ಷ, ಹನುಮಪ್ಪ ಇನ್ನೂ ಎದ್ದು ಓಡಾಡುತ್ತಿರುವಾಗಲೇ, ಅಜ್ಜಿಯನ್ನು ಅವಳ ತವರಿನ ಹೊಸ್ತಿಲಿಗೆ ಮುಟ್ಟಿಸುವುದೆಂದು ತೀರ್ಮಾನ ಮಾಡಿಬಿಟ್ಟರು. ಅಜ್ಜ ಮಾತ್ರ ಜಗಲಿಯಲ್ಲಿ ಕುಳಿತು, ಗುಂಡು ಹಾರಿಸುವವರ ಗಾಡಿಯಲ್ಲಿ ನನ್ನ ಹೆಂಡತಿಯನ್ನು ಎಲ್ಲಿಗೆ ಒಯ್ಯುತ್ತೀಯೋ ಎಂದು ಗೊಣಗಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಿಲಿಟರಿಯವರು ಜೀಪನ್ನು ಸಿಪಾಯಿಗಳಿಗೆಂದು ಮಾಡಿದ್ದರೇ ಹೊರತು ಸೊಂಟ ಮುರಿದ ಅಜ್ಜಿಯರಿಗೆಂದಲ್ಲ. ಆದ್ದರಿಂದ ಅದನ್ನು ತಿದ್ದುವ ಕೆಲಸ ಶುರುವಾಯಿತು. ಹಿಂದಿನ ಸೀಟು ಹೋಯಿತು. ಆ ಜಾಗದಲ್ಲಿ ಕುಲುಮೆಯ ಆಚಾರ್ಯರಿಂದ ಕಬ್ಬಿಣದ ಕಮಾನು ಹಾಕಿಸಿ, ಹಗ್ಗ ಹೆಣೆದ ಒಂದು ಗಿಡ್ಡ ಮಂಚವನ್ನು ತೊಟ್ಟಿಲಿನಂತೆ ತೂಗುಬಿಟ್ಟರು. ಕೆಳಗಿನ ಗಾಡಿ ಎಷ್ಟೇ ಕುಣಿದರೂ ಮೇಲಿನ ಅಜ್ಜಿ ತೂಗುತ್ತಾಳೆಯೇ ವಿನಾ ಕುಲುಕುವುದಿಲ್ಲ ಎಂಬುದು ಅಪ್ಪನ ಲೆಕ್ಕಾಚಾರ, ಮತ್ತು ಅದು ಸರಿಯಾಗಿತ್ತು. ಅತ್ತ ಬಾಷಾ ಸಾಹೇಬರು ತಮ್ಮ ಜೀಪಿನ ಹೊಗೆ ಕೊಳವೆಯನ್ನು ನೀರು ಹೊಗದಂತೆ ಮೇಲಕ್ಕೆ ಬಗ್ಗಿಸಿದ್ದರು. ಸಂತೆಗೆಂದು ಬಂದಾಗ ಇಬ್ಬರೂ ಬಾನೆಟ್ಟಿನ ಮೇಲೆ ಮೊಣಕೈಯೂರಿ ನಿಂತು, ಮದುವೆಗೆ ಬಂದ ಬೀಗರು ಪರಸ್ಪರರ ಒಡವೆ ನೋಡುವಂತೆ ಒಬ್ಬರ ಗಾಡಿಯನ್ನು ಇನ್ನೊಬ್ಬರು ನೋಡಿ, ಮೆಚ್ಚಿದ್ದನ್ನು ಹೇಳದೆ, ಮೆಚ್ಚದ್ದನ್ನು ಮಾತ್ರ ಹೇಳಿ, ಕಾಫಿ ಕುಡಿದು ಬೇರ್ಪಡುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ನಮ್ಮ ಬೇವಿನ ಮರಕ್ಕೆ ಬಳೆ ಇರುತ್ತಿರಲಿಲ್ಲ. ಆದರೆ ಅಪ್ಪ ಹುಟ್ಟಾ ಗಾಡಿಯ ಮನುಷ್ಯ. ಚಕ್ರವೆಂದರೆ ಅದಕ್ಕೆ ಹಳಿ ಇರಬೇಕು, ಹಳಿ ಎಂದರೆ ಅದು ಬಿಗಿಯಾಗಿರಬೇಕು. ಸಡಿಲ ಚಕ್ರದ ಗಾಡಿ ಹೂಡುವವನಿಗೆ ನಮ್ಮೂರಲ್ಲಿ ಮರ್ಯಾದೆಯಿರಲಿಲ್ಲ. ಪಾವಗಡದ ದಾರಿಯ ಜಾಲಿ ಮುಳ್ಳಿಗೂ ಚೂಪುಗಲ್ಲಿಗೂ ಬರಿಯ ರಬ್ಬರನ್ನು ಒಡ್ಡಲು ಅವರ ಮನಸ್ಸು ಒಪ್ಪಲಿಲ್ಲ. ಹಳಿಯನ್ನು ಕೆಂಪಗೆ ಕಾಯಿಸಿ, ಚಕ್ರಕ್ಕೆ ತೊಡಿಸಿ, ನೀರು ಸುರಿದರೆ ಅದು ಕುಗ್ಗಿ ಕಚ್ಚಿಕೊಳ್ಳುತ್ತದೆ. ಗಾಡಿ ಚಕ್ರಕ್ಕೆ ಹಾಗೆಯೇ ಮಾಡುವುದು. ಅಪ್ಪನೂ ಆಚಾರ್ಯರೂ ಕೂಡಿ ಟಯರಿಗೂ ಹಾಗೆಯೇ ಮಾಡಹೋದರು. ರಬ್ಬರು ಸುಟ್ಟ ನಾತ ಬೀದಿಯನ್ನೆಲ್ಲ ತುಂಬಿ, ಅಮ್ಮ ಒಲೆಯ ಮೇಲಿನ ಸಾರನ್ನು ಅನುಮಾನದಿಂದ ಮೂಸಿದಳು. ಆಮೇಲೆ ಇಬ್ಬರೂ ತಲೆಗೆ ತಲೆ ಕೊಟ್ಟು ಯೋಚಿಸಿ ಬೇರೆ ದಾರಿ ಕಂಡುಕೊಂಡರು: ಟಯರಿನ ಗಾಳಿ ಬಿಡುವುದು, ತಣ್ಣನೆಯ ಹಳಿಯನ್ನು ತೊಡಿಸುವುದು, ಮತ್ತೆ ಪಂಪಿನಿಂದ ಗಾಳಿ ತುಂಬುವುದು. ಟಯರು ಉಬ್ಬಿ ಹಳಿಯನ್ನು ಒಳಗಿನಿಂದ ಎಷ್ಟು ಬಿಗಿಯಾಗಿ ಹಿಡಿಯಿತೆಂದರೆ ಸುತ್ತಿಗೆಯಿಂದ ತಟ್ಟಿದರೆ ಗಂಟೆಯಂತೆ ಮೊಳಗುತ್ತಿತ್ತು. ಅಪ್ಪ ಅದನ್ನು ಮತ್ತೆ ಮತ್ತೆ ತಟ್ಟಿ ಕೇಳಿದರು.

“ಗಾಡಿಗೆ ಬಳೆ ತೊಡಿಸ್ಬುಟ್ರಿ ರಂಗಪ್ಪನೋರೇ,” ಎಂದರು ಬಾಷಾ ಸಾಹೇಬರು. “ಶಾದಿ ಯಾವಾಗ?”

ಶಾದಿ ಮರುದಿನವೇ ಆಯಿತು, ಜಯಮಂಗಲಿ ಹೊಳೆಯ ಮರಳಿನಲ್ಲಿ. ಊರೊಳಗಿನ ಕಲ್ಲುಹಾದಿಯಲ್ಲಿ ಜೀಪು ಮಾಡಿದ ಗಲಾಟೆಗೆ ಮಲಗಿದ್ದ ನಾಯಿಗಳೆಲ್ಲ ಎದ್ದವು. ಹೊಳೆದಂಡೆಯ ಬಂಡೆಯ ಮೇಲೆ ಹಳಿ ಜಾರಿ ಗಾಡಿ ಓರೆಯಾಯಿತು. ಮರಳಿಗೆ ಇಳಿದದ್ದೇ ತಡ, ನಾಲ್ಕು ಚಕ್ರಗಳೂ ನಾಲ್ಕು ಬಾವಿ ತೋಡಿಕೊಂಡು ಅಚ್ಚಿನವರೆಗೆ ಕೂತುಬಿಟ್ಟವು. ಎತ್ತು ಕಟ್ಟಿ ಎಳೆಯೋಣವೆಂದು ಯಾರೋ ಅಂದದ್ದಕ್ಕೆ ಅಪ್ಪ ಅವರನ್ನು ನೋಡಿದ ನೋಟ ನನಗೀಗಲೂ ನೆನಪಿದೆ. ಹಳಿ ಕಳಚಲೆಂದು ಸುತ್ತಲಿನ ಮರಳು ಬಗೆದು ಟಯರುಗಳ ಗಾಳಿ ಬಿಟ್ಟರು, ಹಳಿಗಳು ಕಳಚಿ ಬಂದವು. ಮತ್ತೆ ಗಾಳಿ ತುಂಬಲು ನೋಡಿದರೆ ಪಂಪು ಕುಲುಮೆಯಲ್ಲೇ ಉಳಿದಿತ್ತು. ಬೇರೆಯವರಾಗಿದ್ದರೆ ಪಂಪು ತರಲು ನಡೆದುಹೋಗುತ್ತಿದ್ದರು. ಅಪ್ಪ ಸೋತ ಮುಖದಲ್ಲಿ ಊರೊಳಗೆ ಹೋಗಲು ಮನಸ್ಸಿಲ್ಲದೆ, ದಡಕ್ಕಾದರೂ ಹತ್ತಿಸುತ್ತೇನೆಂದು ಆ ಜೋಲು ಟಯರುಗಳಲ್ಲೇ ಎಂಜಿನ್ನು ಹಚ್ಚಿದರು. ಜೀಪು ಒಮ್ಮೆ ಮುಲುಕಿ ಮೇಲೆದ್ದು, ಮರಳಿನ ಮೇಲೆ ಸಾವಕಾಶವಾಗಿ ನಡೆದುಬಂತು.

“ಬಿಲ್ಕುಲ್ ಒಂಟೆ ಪಾದ ಆಯ್ತಲ್ಲ,” ಎಂದು ಸಾಹೇಬರು ಚಪ್ಪಟೆಯಾಗಿ ಹರಡಿದ ಟಯರನ್ನು ಬಗ್ಗಿ ನೋಡಿದರು.

ಅಪ್ಪನಿಗೆ ಈ ಗೆಲುವು ಸೋಲಿಗಿಂತ ಕಹಿಯಾಗಿತ್ತು. ಬಿಗಿ ಮಾಡಿ ಮಾಡಿ ಹುಗಿದುಹೋದ ಗಾಡಿ ಸಡಿಲ ಬಿಟ್ಟೊಡನೆ ನಡೆಯುವುದೆಂದರೆ ಅವರ ಇಡೀ ಬಾಳುವೆಯನ್ನೇ ಯಾರೋ ಅಣಕಿಸಿದಂತೆ. ಹಳಿಗಳನ್ನು ಹಿತ್ತಿಲಿಗೆ ಎಸೆದರು. ಅದರಲ್ಲೊಂದನ್ನು ಅಮ್ಮ ಬೇವಿನ ಸಸಿಗೆ ಇಟ್ಟಳು. ಆದರೆ ಅಪ್ಪ ಹೊರಡುವ ದಿನವನ್ನು ಮುಂದೆ ಹಾಕಲಿಲ್ಲ.

ಬೆಳಕು ಹರಿಯುವ ಮುಂಚೆ ಹೊರಟೆವು. ಅಜ್ಜಿ ತೂಗುಮಂಚದಲ್ಲಿ, ಅದು ಅತ್ತಿತ್ತ ತಗಲದಂತೆ ಹಿಡಿದುಕೊಂಡು ಆಗಿನ್ನೂ ಲಂಗ ತೊಡುತ್ತಿದ್ದ ನಾನು ಪಕ್ಕದಲ್ಲಿ, ಹಿಂದೆ ಬಾಷಾ ಸಾಹೇಬರ ಜೀಪು. ಮಧುಗಿರಿಯ ಬೆಟ್ಟ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ತಿರುಗಿ ಕಾಣಿಸಿ ಹಿಂದಾಯಿತು. ನಡುವೆ ಮದರಾಸು ಪ್ರಾಂತ್ಯದ ನೆಲವನ್ನು ಹಾದು ಮತ್ತೆ ನಮ್ಮ ಸೀಮೆಗೆ ಬಂದು ಪಾವಗಡ ಮುಟ್ಟಿದೆವು. ಅಲ್ಲಿಂದ ಮುಂದೆ ದಾರಿಯೆಂಬುದು ಕುರಿಗಳ ಗೊರಸಿನ ಗುರುತು ಮಾತ್ರ. ಅಜ್ಜಿ ಒಮ್ಮೆಯೂ ನರಳಲಿಲ್ಲ. ಒಂದೊಂದು ಗುಡ್ಡ ಕಂಡಾಗಲೂ ಅದರ ಹೆಸರು ಹೇಳಿ, ಇದು ಇನ್ನೂ ಐತಲ್ಲ ಎಂದು ಆಶ್ಚರ್ಯಪಡುತ್ತಿದ್ದಳು.

ರಾಯಚರ್ಲಿಗೆ ಮೊದಲು ಒಂದು ಅಗಲವಾದ ಮರಳು ಹಳ್ಳ. ಅಪ್ಪ ದಡದಲ್ಲಿ ನಿಂತು, ನಾಚಿಕೆಯ ಕೆಲಸ ಮಾಡುವವರಂತೆ, ಟಯರುಗಳಿಂದ ಸ್ವಲ್ಪವೇ ಗಾಳಿ ಬಿಟ್ಟರು. ಆ ಸ್ವಲ್ಪ ಸಾಲಲಿಲ್ಲ. ಹಳ್ಳದ ನಡುವೆ ಜೀಪು ಕೂತಿತು. ಹಗ್ಗ ಕಟ್ಟಿ ಹಿಂದಕ್ಕೆ ಎಳೆಯುತ್ತೇನೆಂದು ಸಾಹೇಬರು ದಡದಿಂದ ಕೂಗಿದರು. ಎಂಜಿನ್ನಿನ ಸದ್ದು ಕೇಳಿ ಆಚೆ ದಡಕ್ಕೆ ಊರೇ ಬಂತು. ಮುಂದೆ ಹನುಮಪ್ಪ, ಕೋಲೂರಿಕೊಂಡು, ಪಕ್ಕದಲ್ಲಿ ಮೊರ ಹಿಡಿದ ಅವನ ಹೆಂಡತಿ. ಮರಳಿನಲ್ಲಿ ಕಾಲೆಳೆಯುತ್ತ ಬಂದ ಹನುಮಪ್ಪ ಕೋಲನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ಕೈಯಿಂದ ಅಕ್ಕನ ಮಂಚದ ಅಂಚು ಹಿಡಿದುಕೊಂಡ. ಆಮೇಲೆ, ಇಷ್ಟು ದೂರ ಬಂದೆಯಲ್ಲ, ಅದೇ ಸಾಕು, ಇಲ್ಲೇ ಮಡಿಲು ತುಂಬುತ್ತೇವೆ ಎಂದ.

ಅಜ್ಜಿಗೆ ತವರಿನ ತೆಲುಗು ತಾನಾಗಿ ಬಂತು. “ಈಡ ಒದ್ದು ತಮ್ಮುಡಾ. ಗಡಪ ದಗ್ಗರೇ.” ಇಲ್ಲಿ ಬೇಡ, ಹೊಸ್ತಿಲ ಹತ್ತಿರವೇ.

ಹಾಗಾದರೆ ಮಂಚವನ್ನು ಬಿಚ್ಚಿ ಹೆಗಲ ಮೇಲೆ ಹೊತ್ತು ತರುತ್ತೇವೆಂದು ನಾಲ್ಕು ಜನ ಮುಂದೆ ಬಂದರು. ಅಜ್ಜಿ ಕೈಯಡ್ಡ ಮಾಡಿದಳು. “ಮಂಚದ ಮ್ಯಾಲೆ ಹೊತ್ಕಂಡು ಹೋಗೋದು ಹೆಣಾನ. ತವರಿಗೆ ನಾನು ಅಂಗೆ ಹೋಗಾಕಿಲ್ಲ.” ಮತ್ತೆ ಮಗನ ಕಡೆ ತಿರುಗಿದಳು. “ಇನ್ನೂ ಗಾಳಿ ಬುಡ್ಲಾ ರಂಗ. ಹೊಳೇಲಿ ಬುಟ್ಟಿದ್ಯಂತಲ್ಲ, ಅಂಗೆ.”

“ಜಾಸ್ತಿ ಬುಟ್ರೆ ಟಯರು ಕಳಚ್ಕಂತದೆ ಅವ್ವಾ. ಆಮ್ಯಾಕೆ ಇಲ್ಲೇ ಕೂತ್ಕಬೇಕಾಯ್ತದೆ.”

“ಇಷ್ಟು ವರ್ಸ ಕೂತಿರೋಳು ನಾನಲ್ವೇನ್ಲಾ. ಬುಡು.”

ಅಪ್ಪ ಇಳಿದರು. ಮರಳಿನಲ್ಲಿ ಮಂಡಿಯೂರಿ ಒಂದೊಂದೇ ಚಕ್ರದ ಮುಚ್ಚಳ ತೆಗೆದು ಗಾಳಿ ಬಿಟ್ಟರು. ಆಯುಷ್ಯವೆಲ್ಲ ಹಗ್ಗ, ಹಳಿ, ಮಾತು ಎಲ್ಲವನ್ನೂ ಬಿಗಿಯುತ್ತ ಬಂದ ಮನುಷ್ಯ, ಊರವರೆಲ್ಲ ನೋಡುತ್ತಿರುವಾಗ, ತಾಯಿಯ ಮಾತಿಗೆ ಸಡಿಲ ಬಿಡುತ್ತ ಹೋದರು. ಅಪ್ಪನ ಬಗ್ಗೆ ನನಗೆ ಅಷ್ಟು ಹೆಮ್ಮೆ ಅದಕ್ಕೆ ಮೊದಲು ಎಂದೂ ಆಗಿರಲಿಲ್ಲ. ಮತ್ತೆ ಹತ್ತಿ ಕುಳಿತು ಎಂಜಿನ್ನು ಹಚ್ಚಿದರು. ಜೀಪು ಮುಲುಕಿತು, ಎದ್ದಿತು, ದಡ ಹತ್ತಿತು.

ಅಂಗಳದಲ್ಲಿ ನಾನೂ ಹನುಮಪ್ಪನ ಸೊಸೆಯೂ ಎರಡು ಕಡೆ ಹಿಡಿದುಕೊಂಡ ಮೇಲೆ ಅಜ್ಜಿ ಹೊಸ್ತಿಲವರೆಗೆ ತನ್ನ ಕಾಲಲ್ಲೇ ನಡೆದಳು; ಅವಳ ಉಗುರು ನನ್ನ ತೋಳಿನಲ್ಲಿ ಊರಿದ್ದು ತಿಳಿಯುತ್ತಿತ್ತು. ಹೊಸ್ತಿಲೊಳಗೆ ಮಣೆಯ ಮೇಲೆ ಕೂರಿಸಿ, ಹನುಮಪ್ಪನ ಹೆಂಡತಿ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆಯಡಿಕೆ ಇಟ್ಟು ಮಡಿಲು ತುಂಬಿದಳು. ಅಜ್ಜಿ ಒಂದು ಹಿಡಿ ಅಕ್ಕಿ ತೆಗೆದು ಮೊರಕ್ಕೆ ಹಾಕಿದಳು. ಅಲ್ಲಿಗೆ ಮುಗಿಯಬೇಕಿತ್ತು. ಇನ್ನೊಂದು ಹಿಡಿ ಹಾಕಿದಳು. ಮತ್ತೊಂದು. ಸಾಕು ಎಂದು ತಮ್ಮನ ಹೆಂಡತಿ ಕೈ ಹಿಡಿಯಹೋದರೆ ಬಿಡಿಸಿಕೊಂಡಳು.

“ಚೀಲ್ದಾಗೆ ಬಂದ್ವಲ್ಲ, ಆ ಒಂದೊಂದ್ ವರ್ಸದ ಹಿಡಿ ಇವು,” ಎಂದಳು.

ಮಡಿಲಿನಲ್ಲಿ ಕೊಬ್ಬರಿ ಬೆಲ್ಲ ಬಿಟ್ಟರೆ ಏನೂ ಉಳಿಯದಷ್ಟು ಹಾಕಿದಳು. ಹನುಮಪ್ಪ ಕೋಲನ್ನು ಗೋಡೆಗೆ ಒರಗಿಸಿ, ಟವೆಲಿನಿಂದ ಕಣ್ಣೊರೆಸಿಕೊಂಡು, ಅದೇ ಮೊರದಿಂದ ಮತ್ತೆ ತುಂಬು ಎಂದು ಹೆಂಡತಿಗೆ ಹೇಳಿದ. ಹೀಗೆ ಆ ಅಕ್ಕಿ ಮಡಿಲಿನಿಂದ ಮೊರಕ್ಕೆ, ಮೊರದಿಂದ ಮಡಿಲಿಗೆ ಬಂತು. ಅಪ್ಪ ಹೊರಗೆ ಜೀಪಿಗೆ ಒರಗಿ ನಿಂತು ಅಳುತ್ತಿದ್ದರು, ಮುಚ್ಚಿಡಲಿಲ್ಲ. ಮುಂದಿನ ಸುಗ್ಗಿಗೂ ಹೋದೆವು, ಅದರ ಮುಂದಿನದಕ್ಕೂ.

ಹಟವೆಂದರೆ ಮುಷ್ಟಿ ಬಿಗಿಯುವುದು ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ಮನೆಅಳಿಯನನ್ನು ತಂದುಕೊಂಡು ತವರಲ್ಲೇ ಉಳಿದವಳು ನಾನು, ಏನನ್ನೂ ಬಿಟ್ಟು ಹೋಗಬೇಕಾಗಲಿಲ್ಲ, ಆದ್ದರಿಂದ ಎಲ್ಲವನ್ನೂ ಹಿಡಿದುಕೊಂಡೇ ಇದ್ದೇನೆ. ಈ ಬರಹಕ್ಕೆ ಕೂತ ಮೇಲೆ ಅಜ್ಜಿಯ ಕೈ ಮತ್ತೆ ಕಣ್ಣಿಗೆ ಬಂತು. ತವರಿನ ಹೊಸ್ತಿಲು ಮುಟ್ಟುವವರೆಗೆ ಅದು ಬಿಗಿದ ಮುಷ್ಟಿ. ಮುಟ್ಟಿದ ಮೇಲೆ ತೆರೆಯಿತು. ತೆರೆಯಲೆಂದೇ ಅವಳು ಅಷ್ಟು ವರ್ಷ ಬಿಗಿದುಕೊಂಡು ಕುಳಿತಿದ್ದಳು.

ಈಗ ತಾನೇ ಹಿತ್ತಿಲಿಗೆ ಹೋಗಿ ಹಳಿಯನ್ನು ಮುಟ್ಟಿ ಬಂದೆ. ನಾಳೆ ಬೆಳಿಗ್ಗೆ ಕಬ್ಬಿಣ ಕೊಯ್ಯುವ ಗರಗಸ ತರಲು ಮಗನಿಗೆ ಹೇಳಿದ್ದೇನೆ. ನೀವು ಬರುವ ಹೊತ್ತಿಗೆ ಅದು ಅಲ್ಲಿರುವುದಿಲ್ಲ. ಮರ ಇರುತ್ತದೆ, ಅದರ ನೆರಳಿನಲ್ಲಿ ಕೈಕಾಲು ತೊಳೆದು ಒಳಗೆ ಬನ್ನಿ.