ಜಯಕ್ಕನ ಅಡುಗೆಮನೆಯ ಚಿತ್ರಗಳು

ಜಯಕ್ಕ, ನಿಮ್ಮ ಗುಟ್ಟು ಬಯಲು ಮಾಡಿದ್ದು ಪವಿತ್ರಾ ಅಲ್ಲ. ನಾನು. ಇಷ್ಟು ವರ್ಷ ಹೆತ್ತ ಮಗಳ ಮೇಲೆ ನೀವು ಇಟ್ಟುಕೊಂಡಿರುವ ಸಿಟ್ಟು ನನಗೆ ಸೇರಬೇಕಾದದ್ದು — ಗೊತ್ತಿದ್ದೂ ಸುಮ್ಮನಿದ್ದೆ.

ಆಗ ನಾನು ಯಲಹಂಕದಲ್ಲಿ ಡಿಸೈನ್ ಮಾಸ್ಟರ್ಸ್ ಓದುತ್ತಿದ್ದೆ. ಜನ ಹೇಗೆ ಬದುಕುತ್ತಾರೆ, ಎಲ್ಲಿ ಬಗ್ಗುತ್ತಾರೆ, ಯಾವುದಕ್ಕೆ ಕೈ ಎಟುಕುವುದಿಲ್ಲ — ಅದನ್ನು ನೋಡುತ್ತ ಕೂರುವುದೇ ನಮಗೆ ಮೊದಲ ಪಾಠ, ವಸ್ತು ಮಾಡುವುದು ಆಮೇಲೆ ಎಂದಾಗ ನೀವು ನಕ್ಕಿದ್ದಿರಿ. "ನೋಡೋದ್ಕೂ ಕಾಲೇಜಾ?"

ದೊಡ್ಡ ಕುಟುಂಬದ ಅಡುಗೆಮನೆಯಲ್ಲಿ ಸಾಮಾನು ಎಲ್ಲೆಲ್ಲಿ ಇಡುತ್ತಾರೆ ಎಂಬುದು ನನ್ನ ಪ್ರಾಜೆಕ್ಟ್. ಪುಟ್ಟೇನಹಳ್ಳಿಯ ನಿಮ್ಮ ಮನೆಗೆ ನನ್ನನ್ನು ಬಿಟ್ಟುಕೊಂಡವರು ನಿಮ್ಮ ಮೈದುನ ನಾಗರಾಜು. ಹೊಲವಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸುತ್ತಿದ್ದವರು. ನಿಮ್ಮ ಯಜಮಾನರು ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವರದೇ ಮಾತು. ಅವರ ಚಪ್ಪಲಿ ಸದ್ದು ಕೇಳಿದರೆ ನೀವು ಮಾತು ಅರ್ಧಕ್ಕೇ ನಿಲ್ಲಿಸುತ್ತಿದ್ದಿರಿ. ಅದನ್ನೂ ಗಮನಿಸಿದೆ — ಗಮನಿಸುವುದೇ ನನ್ನ ಓದಾಗಿತ್ತಲ್ಲ.

ಒಂದು ಮಧ್ಯಾಹ್ನ ನೀವು ರಾಗಿಹಿಟ್ಟಿನ ಡ್ರಮ್ಮಿಗೆ ಮೊಣಕೈವರೆಗೆ ಕೈ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮೊಬೈಲ್ ತೆಗೆದಿರಿ. ನಾನು ನೋಡಿದ್ದು ನಿಮಗೆ ಗೊತ್ತಾಯಿತು.

"ನನ್ ಮೈದ್ನ ಮಗೀಗೆ ಗಂಡು ಗೊತ್ತು ಮಾಡವ್ನೆ. ಅವ್ನ ಪಾರ್ಟ್ನರ್ ಮಗ. ಅವಳ್ಗೆ ಇಷ್ಟ ಇಲ್ಲ. ಡಿಗ್ರಿ ಪರೀಕ್ಷೆ ಮುಗೀತಿದ್ದಂಗೆ ಇಬ್ರೂ ಓಗ್ಬಿಡ್ತೀವಿ, ತುಮ್ಕೂರಲ್ಲಿ ಮನೆ ನೋಡಿವ್ನಿ. ಯಾರ್ಗೂ ಏಳ್ಬೇಡ ಕಣವ್ವಾ."

"ಇಲ್ಲ ಜಯಕ್ಕ, ನಿಮ್ಮಾಣೆ" ಅಂದೆ. ಬಾಯಿ ಬಿಟ್ಟು ಹೇಳಲಿಲ್ಲ, ನಿಜ. ಚಿತ್ರ ಬರೆದೆ.

ಇಡೀ ಅಡುಗೆಮನೆ ನಿಮ್ಮ ಕೈಯಲ್ಲಿದೆ, ಅದರಲ್ಲಿ ನಿಮ್ಮದೆನ್ನುವ ಗೇಣು ಜಾಗವಿಲ್ಲ — ಇದು ಹೊಳೆದಾಗ ನನಗೆ ಮರುಕವಾಗಲಿಲ್ಲ, ಜಯಕ್ಕ. ಖುಷಿಯಾಯಿತು. ಪ್ರಾಜೆಕ್ಟ್ ಸಿಕ್ಕಿತು ಅನ್ನಿಸಿತು.

ಹೆಸರು, ಮುಖ, ಊರು ಬದಲಿಸಬೇಕೆಂಬುದು ನಮ್ಮಲ್ಲಿ ಕಟ್ಟುನಿಟ್ಟಿನ ನಿಯಮ. ಬದಲಿಸಿದ್ದೆ. ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದ ನಮ್ಮ ಮೇಡಂ ನೋಡಿ, "ಇವರು ಯಾರಾದ್ರೂ ಆಗಿರಬಹುದು, ಜೀವ ಇಲ್ಲ" ಅಂದರು. ಆಮೇಲೆ ನಾನು ನಿಮ್ಮನ್ನು ಒಂದೊಂದಾಗಿ ವಾಪಸ್ ತಂದೆ. ಮುಂಗೈಯ ಹಚ್ಚೆ. ಸೀಳುಬಿಟ್ಟ ಮುಚ್ಚಳದ ಹಸಿರು ಡ್ರಮ್. ಹಿಟ್ಟಿನೊಳಗೆ ಇಳಿದ ಕೈ, ಮೊಬೈಲ್. ಕೊನೆಯ ಚಿತ್ರದಲ್ಲಿ ಬ್ಯಾಗು ಹಿಡಿದು ಬಸ್ಸಿಗೆ ಕಾಯುವ ತಾಯಿ, ಮಗಳು. ಹೆಸರೊಂದೇ ಸುಳ್ಳು.

ಮನೆ ತೆರೆದು ತೋರಿಸಿದವರನ್ನೆಲ್ಲ ಕಾಲೇಜಿನ ವರ್ಷಾಂತ್ಯದ ಪ್ರದರ್ಶನಕ್ಕೆ ಕರೆಯುತ್ತಾರೆಂದು ನನಗೆ ಗೊತ್ತಿತ್ತು. ನಾಗರಾಜು ಎಲ್ಲಿ ಬರುತ್ತಾರೆ ಅಂದುಕೊಂಡೆ — ಅಂದುಕೊಳ್ಳುವುದು ನನಗೆ ಬೇಕಾಗಿತ್ತು.

ಬಂದರು. ಇಸ್ತ್ರಿ ಮಾಡಿದ ಬಿಳಿ ಷರ್ಟು. ಬೇರೆಲ್ಲ ದಾಟಿ ನನ್ನ ಚಿತ್ರಗಳ ಮುಂದೆ ನಿಂತರು. ಅದೇ ಹೊತ್ತಿಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಕೇಳಿದರು, "ಇದು ಕಲ್ಪನೆನಾ, ನಿಜಾನಾ?"

ಕಲ್ಪನೆ ಅನ್ನಬಹುದಿತ್ತು. ಒಂದೇ ಪದ. ಆದರೆ ಪರೀಕ್ಷಕರ ಕಣ್ಣಲ್ಲಿ ಮೆಚ್ಚುಗೆಯಿತ್ತು —

"ನಿಜವಾದ ಮನೆ ಸರ್. ಇಲ್ಲೇ ಹತ್ತಿರ."

ನಾಗರಾಜು ತಿರುಗಿ ನಕ್ಕರು. "ಚೆನ್ನಾಗ್ ಬರ್ದಿದೀಯಮ್ಮಾ. ನಮ್ಮನೆ ಡ್ರಮ್ಮೇ ನೋಡ್ದಂಗಾಯ್ತು." ಅಷ್ಟೇ. ಹೊರಟುಹೋದರು.

ಸಂಜೆ ನಿಮ್ಮ ಆ ಮೊಬೈಲಿಗೆ, ನೀವೇ ಕೊಟ್ಟಿದ್ದ ನಂಬರಿಗೆ, ಫೋನ್ ಮಾಡಿದೆ. ಅತ್ತ ಎತ್ತಿದರು. ಮಾತಿಲ್ಲ. ಉಸಿರು ಮಾತ್ರ — ಅದು ನಿಮ್ಮದಲ್ಲ. ಇಟ್ಟುಬಿಟ್ಟೆ. ನಿಮ್ಮ ಮನೆಗೆ ಓಡಿಬರಬೇಕಿತ್ತು. ಬರಲಿಲ್ಲ.

ಪವಿತ್ರಾಳ ಡಿಗ್ರಿ ಪರೀಕ್ಷೆಗೆ ಮುಂಚೆಯೇ ಮದುವೆ ನಡೆಯಿತು. ನಾಗರಾಜು ಖುದ್ದಾಗಿ ಫೋನ್ ಮಾಡಿ ಕರೆದರು, ತಪ್ಪಿಸಬೇಡ ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆದರಿ ಮದುವೆಗೆ ಹೋದೆ. ಛತ್ರದ ಕೋಣೆಯಲ್ಲಿ ಸೀರೆಯುಟ್ಟು ಕೂತಿದ್ದ ಪವಿತ್ರಾ ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ನಾನ್ ಯಾರಿಗೂ ಹೇಳಿಲ್ಲ. ನಾನೇ ಹೇಳ್ದೆ ಅಂತ ಚಿಕ್ಕಪ್ಪ ಅಮ್ಮಂಗೆ ಹೇಳ್ಬಿಟ್ಟಿದಾರೆ. ಅಮ್ಮ ನನ್ ಹತ್ರ ಮಾತೇ ಆಡ್ತಿಲ್ಲ. ನೀವಾದ್ರೂ ಹೇಳಿ."

"ಎಲ್ಲಾ ಸರಿಹೋಗುತ್ತೆ ಬಿಡು" ಅಂದೆ ನಾನು.

ಊಟದ ಮನೆಯ ಬಾಗಿಲಲ್ಲಿ ನೀವಿದ್ದಿರಿ. ಮುಖ ಬತ್ತಿಹೋಗಿತ್ತು. ನನ್ನ ಮೇಲೆ ನಿಮಗೆ ಅನುಮಾನದ ಎಳೆಯೂ ಇರಲಿಲ್ಲ. "ಊಟ ಮಾಡ್ಕಂಡ್ ಓಗವ್ವಾ" ಅಂದಿರಿ. ನಾನು ಕೂತು ಊಟ ಮಾಡಿದೆ, ಜಯಕ್ಕ. ಪಾಯಸ ಇನ್ನೊಂದು ಸಲ ಬಡಿಸಿದಾಗ ಬೇಡವೆನ್ನಲಿಲ್ಲ.

ಆ ಪ್ರಾಜೆಕ್ಟಿಗೆ ಬಹುಮಾನ ಬಂತು. ಅದನ್ನು ತೋರಿಸಿಯೇ ಕೆಲಸವೂ ಸಿಕ್ಕಿತು.

ಕಳೆದ ವಾರ ಗೊರಗುಂಟೆಪಾಳ್ಯದಲ್ಲಿ ಪವಿತ್ರಾಳ ಮನೆ ಹುಡುಕಿಕೊಂಡು ಹೋಗಿ ಎಲ್ಲ ಹೇಳಿದೆ. ಅವಳು ಆ ಪರೀಕ್ಷೆ ಬರೆಯಲೇ ಇಲ್ಲವಂತೆ. ಅಳಲಿಲ್ಲ, ಬೈಯಲಿಲ್ಲ.

"ನಾನ್ ಹೇಳಿಲ್ಲ ಅಂತ ನಂಗೆ ಮೊದಲೇ ಗೊತ್ತಲ್ವಾ ಅಕ್ಕಾ? ನಂಗ್ಯಾಕ್ ಹೇಳ್ತಿದೀರ? ಅಮ್ಮಂಗೆ ಹೇಳಿ."

ಇದನ್ನೇ ಬಾಯಿ ಬಿಟ್ಟು ಹೇಳಲು ಭಾನುವಾರ ಬರುತ್ತಿದ್ದೇನೆ. ಒಳಗೆ ಕರೆಯದಿದ್ದರೆ ಗೇಟಿನ ಹೊರಗೆ ನಿಂತು ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಅದು ನಿಮ್ಮ ಮೇಲೆ ಇನ್ನೊಂದು ಭಾರ ಹೊರಿಸಿದಂತೆ. ಮದುವೆಯಾದಾಗಿನಿಂದ ನೀವು ಮಗಳ ಮನೆಯ ಮೆಟ್ಟಿಲು ಹತ್ತಿಲ್ಲವಂತೆ. ಅದೊಂದನ್ನು ಹತ್ತಿ, ಜಯಕ್ಕ — ನನ್ನ ಮುಖ ಮತ್ತೆ ನೋಡದಿದ್ದರೂ ಸರಿ.